ಪ್ರಫುಲ್ಲಾ ಟೀಚರೂ ನನ್ನ ಬೀಪ್ ಪೆಟ್ಟಿಗೆಯೂ

ಯಾವ ವಸ್ತುವನ್ನು ಕೈಗೆ ಕೊಟ್ಟರೂ ಪ್ರಫುಲ್ಲಾ ಟೀಚರ್ ಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೊಸ ಪೆನ್ನಾಗಲಿ, ಮದುವೆಯ ಕರೆಯೋಲೆಯಾಗಲಿ, ಕೊಚ್ಚಿಯ ಕಲೂರು ಬಸ್ ಸ್ಟ್ಯಾಂಡಿನ ಹತ್ತಿರ ಕೊಳ್ಳುವ ಟೊಮೆಟೊ ಆಗಲಿ, ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ, ಅಂಚು ಸವರಿ, ಆಮೇಲೆ ಕಣ್ಣು ತೆರೆದು “ಹ್ಞಾಂ, ಈಗ ನೋಡುವ” ಎನ್ನುತ್ತಿದ್ದರು. ಮೊದಲ ಸಲ ಕಂಡವರು ಇವರಿಗೆ ಕಣ್ಣಿನ ತೊಂದರೆ ಇರಬೇಕು ಎಂದುಕೊಳ್ಳುವರು. ತೊಂದರೆ ಏನೂ ಇರಲಿಲ್ಲ. ಐವತ್ತು ದಾಟಿದರೂ ಕನ್ನಡಕವಿಲ್ಲದೆ ಪತ್ರಿಕೆ ಓದುವ ಕಣ್ಣು ಅವರದು. ಮೂವತ್ತು ವರ್ಷ ಅಂಧ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿ ಮಾಡಿ ಹತ್ತಿಸಿಕೊಂಡ ಅಭ್ಯಾಸ ಅದು.

ನಾನು ತಿರುವನಂತಪುರದ ಒಂದು ಇಂಜಿನಿಯರಿಂಗ್ ಕಾಲೇಜಿನ ಸಂಶೋಧನಾ ವಿಭಾಗದಲ್ಲಿದ್ದೇನೆ. ಊರು ಚಿತ್ರದುರ್ಗ. ಅಂಧ ಮಕ್ಕಳು ವಿಜ್ಞಾನ ಕಲಿಯಲು ಬೇಕಾಗುವ ಉಪಕರಣಗಳನ್ನು ತಯಾರಿಸುವ ಯೋಜನೆಯೊಂದು ನಮ್ಮ ವಿಭಾಗಕ್ಕೆ ಬಂದಿತ್ತು. ನಾವು ಐದು ಜನ, ಅದರಲ್ಲಿ ಮೂವರು ಡಾಕ್ಟರೇಟ್ ಪಡೆದವರು. ಐವರಲ್ಲಿ ಒಬ್ಬರೂ ಅಲ್ಲಿಯವರೆಗೆ ಒಂದು ಅಂಧ ಮಗುವಿನ ಜೊತೆ ಹತ್ತು ನಿಮಿಷ ಕೂತು ಮಾತಾಡಿದವರಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ. ಏಳೆಂಟು ತಿಂಗಳು ಕಂಪ್ಯೂಟರ್ ಮುಂದೆ ಕೂತು, ಬೆರಳಿಗೆ ತಾಕುವಂತೆ ಉಬ್ಬು ಗೆರೆಗಳಿರುವ ಪ್ಲಾಸ್ಟಿಕ್ ಹಲಗೆಗಳನ್ನು ಮಾಡಿದೆವು. ಅವುಗಳನ್ನು ಚೀಲಕ್ಕೆ ತುಂಬಿಕೊಂಡು ಒಂದು ಶನಿವಾರ ಬೆಳಗಿನ ರೈಲಿಗೆ ಕೊಚ್ಚಿಗೆ ಹೊರಟವನು ನಾನು. ಕಲೂರಿನ ಒಳರಸ್ತೆಯೊಂದರಲ್ಲಿ ಅವರ ಶಾಲೆ, ಹತ್ತನೇ ತರಗತಿಯವರೆಗೆ.

ಮೊದಲು ಕೊಟ್ಟ ಹಲಗೆಯಲ್ಲಿ ಒಂದು ಘನದ ಚಿತ್ರವಿತ್ತು. ಎಲ್ಲ ಪಠ್ಯಪುಸ್ತಕಗಳಲ್ಲೂ ಇರುತ್ತದಲ್ಲ, ಎದುರಿಗೆ ಒಂದು ಚೌಕ, ಅದರ ಮೂಲೆಗಳಿಂದ ಓರೆಯಾಗಿ ಹಿಂದಕ್ಕೆ ಹೋಗುವ ಗೆರೆಗಳು, ಅದು. ಟೀಚರ್ ಕಣ್ಣು ಮುಚ್ಚಿ ಸವರಿದರು. “ಪೆಟ್ಟಿಗೆ” ಎಂದರು. ನಾನು ಹಿಗ್ಗಿದೆ. ಅವರು ಕಣ್ಣು ಬಿಟ್ಟು ನನ್ನನ್ನೇ ನೋಡಿದರು. “ನಾನು ಹೇಳಿದ್ದು ಲೆಕ್ಕಕ್ಕಿಲ್ಲ. ನಾನು ಹುಟ್ಟಿದಲ್ಲಿಂದ ಪೆಟ್ಟಿಗೆ ಕಂಡವಳು. ಕಣ್ಣು ಮುಚ್ಚಿದ್ರೆ ಕಂಡದ್ದು ಮರ್ತು ಹೋಗ್ತದಾ?” ಎಂದು ಹೇಳಿ, ಎಂಟನೇ ತರಗತಿಯ ಹುಡುಗಿಯೊಬ್ಬಳನ್ನು ಕರೆದರು. ಹೆಸರು ಜಿನ್ಸಿ. ಹುಟ್ಟಿನಿಂದಲೇ ದೃಷ್ಟಿಯಿಲ್ಲ.

ಜಿನ್ಸಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದಳು. “ಇದೊಂದು ಚೌಕ. ಪಕ್ಕದಲ್ಲಿ ಏನೋ ಓರೆ ಓರೆ. ಮುರಿದುಹೋದ ಕಿಟಕಿಯಾ ಸಾರ್?” ಎಂದಳು. ಅವಳು ಮಾತಾಡುವುದು ಮಲಯಾಳ. ಇಲ್ಲಿ ಅದನ್ನು ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ. “ಪೆಟ್ಟಿಗೆ” ಎಂದೆ. ಟೀಚರ್ ಮೇಜಿನ ಮೇಲಿದ್ದ ಸೀಮೆಸುಣ್ಣದ ಡಬ್ಬಿಯನ್ನು ಅವಳ ಕೈಗಿಟ್ಟರು. ಅವಳು ಆರೂ ಮುಖ ಸವರಿ, ಪ್ರಾಮಾಣಿಕವಾಗಿಯೇ ಕೇಳಿದಳು: “ಇದರಲ್ಲಿ ಓರೆ ಎಲ್ಲಿದೆ ಸಾರ್?”

ಟೀಚರ್ ಹೇಳಿದರು: “ನೋಡಿ, ನೀವು ಮಾಡಿದ್ದು ಪೆಟ್ಟಿಗೆ ಅಲ್ಲ. ಪೆಟ್ಟಿಗೆ ನಿಮ್ಮ ಕಣ್ಣಿಗೆ ಹೇಗೆ ಕಾಣ್ತದೆ, ಅದನ್ನು ಮಾಡಿದ್ದು. ನಿಮ್ಮ ಕಣ್ಣು ಕಟ್ಟಿಕೊಂಡು ಇವಳಿಗೆ ಎಂತ ಆಗ್ಬೇಕು?”

ಏಳೆಂಟು ತಿಂಗಳ ಕೆಲಸ ಎರಡು ನಿಮಿಷದಲ್ಲಿ ಮಣ್ಣುಪಾಲು. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅವರು ಹೇಳಿದ್ದನ್ನು ಕನ್ನಡದಲ್ಲಿ ಹೇಳಿದ್ದರು ಎಂಬುದು ನನಗೆ ಹೊಳೆದದ್ದು ಚಾಯ ಬಂದಮೇಲೆ. ನನ್ನ ಚೀಲದ ಮೇಲೆ ಕನ್ನಡದಲ್ಲಿದ್ದ ಅಂಗಡಿಯ ಹೆಸರು ನೋಡಿ ನಾನು ಕನ್ನಡದವನೆಂದು ಅವರು ಆಗಲೇ ಕಂಡುಹಿಡಿದಿದ್ದರು. ಅವರು ಕಾಸರಗೋಡಿನ ಕಡೆಯವರು, ಕನ್ನಡ ಮಾಧ್ಯಮದಲ್ಲಿ ಓದಿದವರು. ಗಂಡನ ಕೆಲಸ ಕೊಚ್ಚಿಯ ಹೊರವಲಯದ ಅಂಬಲಮುಗಳಿನಲ್ಲಿ, ಮನೆಯೂ ಅಲ್ಲೇ. “ಮನೆಯಲ್ಲಿ ನಾನು ಕನ್ನಡದಲ್ಲಿ ಬೈದ್ರೆ ಮಗಳು ಮಲಯಾಳದಲ್ಲಿ ವಾಪಸ್ಸು ಬೈತಾಳೆ. ನನ್ನ ಕನ್ನಡಕ್ಕೆ ಕನ್ನಡದಲ್ಲಿ ಉತ್ತರ ಕೊಡುವ ಒಂದು ಜನ ಸಿಕ್ಕಿತಲ್ಲ, ಪ್ರತಿ ಶನಿವಾರ ಬನ್ನಿ” ಎಂದರು. ಹಲಗೆಗಳು? “ಅದನ್ನು ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಡ್ಲಿಕ್ಕೆ ಉಪಯೋಗಿಸ್ಬಹುದು.”

ಹಾಗೆ ಶುರುವಾದದ್ದು ಎರಡೂವರೆ ವರ್ಷ ನಡೆಯಿತು. ನಾಲ್ಕನೇ ಶನಿವಾರಕ್ಕೆ ನಾನು ‘ನೀವು’ ಹೋಗಿ ‘ನೀನು’ ಆದೆ, ಆಮೇಲೆ ‘ಇಂಜಿನಿಯರ್ ಮಾರಾಯ’ ಆದೆ. ನನ್ನ ಮಾತಿನ ಧಾಟಿ ಅವರಿಗೆ ತಮಾಷೆ. “ನೀವು ಘಟ್ಟದ ಮೇಲಿನವರು ಊಟ ಆಯ್ತಾ ಅಂತ ಕೇಳಿದ್ರೂ ಜಗಳಕ್ಕೆ ಬಂದ ಹಾಗೆ ಕೇಳ್ತದೆ” ಎನ್ನುವರು.

ಅವರ ತರಗತಿಯಲ್ಲಿ ಕರಿಹಲಗೆ ಗೋಡೆಯ ಮೇಲೆ ಸುಮ್ಮನೆ ಇತ್ತು. ನೀರು ಕುದಿಯುವ ಪಾಠವನ್ನು ಅವರು ಕಿವಿಯಿಂದ ಮಾಡಿಸುತ್ತಿದ್ದರು. ಪಾತ್ರೆ ಒಲೆಯ ಮೇಲೆ, ಮಕ್ಕಳು ಸುತ್ತ. ಮೊದಲ ಸಣ್ಣ ಚಿಟಿಚಿಟಿ, ಆಮೇಲಿನ ಗುಂಯ್‌ಗುಡುವಿಕೆ, ಕೊನೆಗೆ ಕೊತಕೊತ, ಪ್ರತಿಯೊಂದು ಸದ್ದಿಗೂ ನೀರಿನ ಉಷ್ಣತೆ ಎಷ್ಟಿರುತ್ತದೆಂದು ಮಕ್ಕಳಿಗೆ ಗೊತ್ತು. ನನಗೆ ಗೊತ್ತಿರಲಿಲ್ಲ. ಗ್ರಾಫ್ ಎಂದರೆ ಥರ್ಮಕೋಲ್ ಹಾಳೆ, ಗುಂಡುಪಿನ್ನು, ಉಲ್ಲನ್ ದಾರ. ದಾರದ ಮೇಲೆ ಬೆರಳು ನಡೆಸಿ “ಇಲ್ಲಿ ಏರಿತು ಟೀಚರ್, ಇಲ್ಲಿ ಸುಸ್ತಾಯಿತು” ಎನ್ನುವರು ಮಕ್ಕಳು.

ಅವರಿಗೆ ಕೆಂಡದಂಥ ಸಿಟ್ಟು ಬರುತ್ತಿದ್ದದ್ದು ಒಂದೇ ಮಾತಿಗೆ: ‘ಪಾವಂ’. ನಮ್ಮ ‘ಪಾಪ’ ಎನ್ನುವುದಕ್ಕೆ ಮಲಯಾಳದವರ ಮಾತು. ಹುಟ್ಟುಹಬ್ಬಕ್ಕೆಂದು ಬಿಸ್ಕತ್ತು ಹಂಚಲು ಬರುವ ದೊಡ್ಡಮನುಷ್ಯರು ಮಕ್ಕಳ ತಲೆ ಸವರಿ ಪಾವಂ ಎಂದರೆ ಮುಗಿಯಿತು. “ಬಿಸ್ಕತ್ತು ಇಟ್ಟು ಹೋಗಿ, ಪಾವಂ ವಾಪಸ್ಸು ತಕ್ಕೊಂಡು ಹೋಗಿ” ಎಂದು ಮುಖಕ್ಕೇ ಹೇಳಿಬಿಡುವರು. ಬಿಸ್ಕತ್ತು ಬರುವುದೂ ಕಡಿಮೆಯಾಯಿತು ಎಂದು ಉಳಿದ ಟೀಚರುಗಳ ತಕರಾರು.

ಒಮ್ಮೆ ಮಕ್ಕಳನ್ನು ಫೋರ್ಟ್ ಕೊಚ್ಚಿಗೆ ಕರೆದುಕೊಂಡು ಹೋದರು. ಅಲ್ಲಿ ಕಡಲಂಚಿಗೆ ದೊಡ್ಡ ಚೀನೀ ಬಲೆಗಳಿವೆ. ಉದ್ದದ ಮರಗಳಿಗೆ ಬಲೆ ಕಟ್ಟಿ, ಇನ್ನೊಂದು ತುದಿಗೆ ಹಗ್ಗದಲ್ಲಿ ಕಲ್ಲುಗಳನ್ನು ತೂಗುಹಾಕಿರುತ್ತಾರೆ. ನಾಲ್ಕೈದು ಜನ ಹಗ್ಗ ಎಳೆದರೆ ಅಷ್ಟು ದೊಡ್ಡ ಬಲೆ ನೀರಿನಿಂದ ಏಳುತ್ತದೆ. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಟೀಚರ್ ಮೀನುಗಾರರ ಜೊತೆ ಮಾತಾಡಿ ಮಕ್ಕಳನ್ನು ಹಗ್ಗಕ್ಕೆ ಹಚ್ಚಿದರು. ಅದೇ ಸನ್ನೆಕೋಲಿನ ಪಾಠ. ಮಕ್ಕಳು ಹೋ ಎಂದು ಕೂಗುತ್ತಾ ಎಳೆದರು. ಬಲೆಯಲ್ಲಿ ಏಡಿ ಬಂತು, ಕಸ ಬಂತು. ಜಿನ್ಸಿ ಮಾತ್ರ ಕಲ್ಲುಗಳ ಹತ್ತಿರ ಹೋಗಿ ಒಂದೊಂದನ್ನೇ ಮುಟ್ಟಿ, ಹಗ್ಗದಲ್ಲಿ ಎಷ್ಟೆಷ್ಟು ದೂರಕ್ಕೆ ಕಟ್ಟಿದ್ದಾರೆಂದು ಗೇಣು ಹಾಕಿ ಅಳೆದಳು. ಎಲ್ಲ ಒಂದೇ ಕಡೆ ಯಾಕೆ ಕಟ್ಟಿಲ್ಲ ಎಂದು ಕೇಳಿದಳು. ಮೀನುಗಾರ ನಮ್ಮಪ್ಪ ಹೀಗೇ ಕಟ್ಟುತ್ತಿದ್ದರು ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಜೇಬಿನಿಂದ ಕಾಗದ ತೆಗೆಯುತ್ತಿದ್ದಂತೆ ಜಿನ್ಸಿಯೇ ಹೇಳಿದಳು: “ಬಲೆ ಏಳ್ತಾ ಏಳ್ತಾ ಒಂದೊಂದೇ ಕಲ್ಲು ನೆಲಕ್ಕೆ ಕೂರುತ್ತೆ ಅಲ್ವಾ ಟೀಚರ್? ಆಮೇಲೆ ಅಷ್ಟು ಭಾರ ಬೇಡ, ಅದಕ್ಕೆ.” ಟೀಚರ್ ನನ್ನ ಕಡೆ ನೋಡಿ ಕನ್ನಡದಲ್ಲಿ “ಕಾಗದ ಒಳಗೆ ಇಡು ಮಾರಾಯ” ಎಂದರು.

ವಾಪಸ್ಸು ಬರುವಾಗ ಬೋಟಿನಲ್ಲಿ ಜಿನ್ಸಿ ತಾನು ಪ್ಲಸ್ ಒನ್‌ಗೆ, ಅಂದರೆ ನಮ್ಮ ಪಿಯುಸಿಗೆ, ಸೈನ್ಸ್ ತೆಗೆದುಕೊಳ್ಳುತ್ತೇನೆ, ಅದರಲ್ಲೂ ಕೆಮಿಸ್ಟ್ರಿ ಬೇಕೇ ಬೇಕು ಎಂದಳು. ಟೀಚರ್ ಆಗಲಿ ಎಂದು ತಲೆಯಾಡಿಸಿದರು, ತಲೆಯಾಡಿಸಿದ್ದು ಅವಳಿಗೆ ಕಾಣುವುದಿಲ್ಲವೆಂದು ನೆನಪಾಗಿ ಅವಳ ಕೈ ಹಿಡಿದು ಅದುಮಿದರು.

ಅವಳ ಹತ್ತನೇ ತರಗತಿ ಮುಗಿಯಿತು, ಅಂಕಗಳು ಭರ್ಜರಿಯಾಗಿ ಬಂದವು. ನಗರದ ಒಂದು ಖಾಸಗಿ ಶಾಲೆ ಅವಳನ್ನು ಸೇರಿಸಿಕೊಳ್ಳಲು ತಯಾರಿತ್ತು, ಆದರೆ ಆರ್ಟ್ಸ್‌ಗೆ ಮಾತ್ರ. ಲ್ಯಾಬಿನಲ್ಲಿ ಆಸಿಡ್ಡು, ಗಾಜು, ಬೆಂಕಿ; ಕಣ್ಣಿಲ್ಲದ ಹುಡುಗಿಯ ಜವಾಬ್ದಾರಿ ಯಾರದು ಎಂದರು ಪ್ರಿನ್ಸಿಪಾಲರು. ಟೀಚರ್ ಆರು ಸಲ ಹೋಗಿ ಅವರನ್ನು ಹಿಡಿದುಕೊಂಡರು. ಕೊನೆಗೆ ಅವರು ಒಪ್ಪಿದ್ದು ಇಷ್ಟು: ಹುಡುಗಿ ಒಂದು ಪ್ರಯೋಗವನ್ನು ಯಾರ ಸಹಾಯವೂ ಇಲ್ಲದೆ ತಮ್ಮ ಶಾಲೆಯ ಕೆಮಿಸ್ಟ್ರಿ ಅಧ್ಯಾಪಕರ ಮುಂದೆ ಮಾಡಿ ತೋರಿಸಲಿ. ಮಾಡಿದರೆ ಸೀಟು.

ಪ್ರಯೋಗ ಟೈಟ್ರೇಷನ್. ನಲ್ಲಿಯಿರುವ ಉದ್ದ ಗಾಜಿನ ಕೊಳವೆಯಿಂದ ಒಂದು ದ್ರಾವಣವನ್ನು ಕೆಳಗಿನ ಫ್ಲಾಸ್ಕಿಗೆ ಹನಿಹನಿಯಾಗಿ ಬಿಡುತ್ತಾ ಹೋಗಬೇಕು, ಫ್ಲಾಸ್ಕಿನಲ್ಲಿ ತೆಳು ಗುಲಾಬಿ ಬಣ್ಣ ಬಂದ ಹನಿಗೇ ನಿಲ್ಲಿಸಬೇಕು. ಬಣ್ಣ ಕಾಣದವಳಿಗಾಗಿ ನಾನೊಂದು ಪೆಟ್ಟಿಗೆ ಮಾಡಿದೆ. ಗುಲಾಬಿ ಬಂದೊಡನೆ ಅದು ಬೀಪ್ ಎನ್ನುತ್ತಿತ್ತು. ಟೀಚರ್ ಮತ್ತು ಜಿನ್ಸಿ ಕೂಡಿ ಅದನ್ನು ಹನ್ನೊಂದು ಸಲ ನನ್ನಿಂದ ತಿದ್ದಿಸಿದರು. “ಒಂದೇ ಸಲ ಕೂಗ್ಬೇಕು, ಆಮೇಲೆ ಬಾಯಿ ಮುಚ್ಚಬೇಕು” ಎಂಬುದು ಟೀಚರ ಕಟ್ಟಪ್ಪಣೆ. ಕಾರಣವಿತ್ತು. ಜಿನ್ಸಿ ಮೊದಲ ಸಲ ಅಂದಾಜಿಗೆ ಬಿಟ್ಟು ಬೀಪ್ ಎಲ್ಲಿ ಬರುತ್ತದೆಂದು ತಿಳಿದುಕೊಳ್ಳುವಳು. ಎರಡನೇ ಸಲ, ಆ ಜಾಗ ಹತ್ತಿರವಾಗುತ್ತಿದ್ದಂತೆ ನಲ್ಲಿಯನ್ನು ಬಿಗಿಮಾಡಿ, ಹನಿ ಬೀಳುವ ಸದ್ದನ್ನು ಕಿವಿಯಿಂದ ಎಣಿಸುವಳು. ಎರಡು ತಿಂಗಳ ಅಭ್ಯಾಸದಲ್ಲಿ ಅವಳ ಕೈ ನನ್ನ ಕೈಗಿಂತ ಚೆನ್ನಾಗಿ ಕೂತಿತ್ತು. ಇನ್ನೊಂದು ಕಟ್ಟಪ್ಪಣೆಯೂ ಇತ್ತು, ಅದು ಮೊದಲ ದಿನದಿಂದಲೇ ಇದ್ದದ್ದು: ಮಕ್ಕಳು ಮುಟ್ಟಿ ನೋಡದೆ ಯಾವುದನ್ನೂ ಬದಲಿಸುವ ಹಾಗಿಲ್ಲ.

ಪರೀಕ್ಷೆಯ ದಿನ ನೋಡಲು ನಮ್ಮ ವಿಭಾಗದ ಮುಖ್ಯಸ್ಥರೂ ಬರುತ್ತೇನೆಂದರು. ಮುಂದಿನ ವಾರ ನಮ್ಮ ಯೋಜನೆಯ ಪರಿಶೀಲನೆಯಿತ್ತು. ಅದರಲ್ಲಿ ಹೇಳಲು ಅವರಿಗೊಂದು ಒಳ್ಳೆಯ ಕತೆ ಬೇಕಿತ್ತು. ಇಷ್ಟೆಲ್ಲ ಮಾಡಿ ಒಂದೇ ಒಂದು ಬೀಪ್ ತೋರಿಸುವುದಾ ಎನಿಸಿತು ನನಗೆ. ಹಿಂದಿನ ದಿನ ಮಧ್ಯಾಹ್ನ ಕೂತು ಪೆಟ್ಟಿಗೆಯನ್ನು ‘ಸುಧಾರಿಸಿದೆ’. ದ್ರಾವಣ ಬೀಳಲು ಶುರುವಾದಾಗಿನಿಂದ ಅದು ಬೀಪ್ ಬೀಪ್ ಎನ್ನುತ್ತದೆ, ಬಣ್ಣ ಹತ್ತಿರವಾದಂತೆ ಇನ್ನೂ ಜೋರಾಗಿ, ಇನ್ನೂ ಬೇಗಬೇಗ. ಕಾರನ್ನು ಹಿಂದಕ್ಕೆ ತೆಗೆಯುವಾಗ ಕೂಗುತ್ತದಲ್ಲ, ಹಾಗೆ. ಅವಳಿಗೆ ಸಹಾಯವೇ ಆಗುತ್ತದೆಂದು ನನಗೆ ನಾನೇ ಹೇಳಿಕೊಂಡೆ. ಯಾರಿಗೂ ತಿಳಿಸಲಿಲ್ಲ.

ಮರುದಿನ ಆ ಶಾಲೆಯ ಲ್ಯಾಬಿನಲ್ಲಿ ಎಲ್ಲರ ಮುಂದೆ ಜಿನ್ಸಿ ನಲ್ಲಿ ತಿರುಗಿಸಿದಳು. ಪೆಟ್ಟಿಗೆ ಕೂಗಲು ಶುರುಮಾಡಿತು. ಅವಳ ಕೈ ಅಲ್ಲೇ ನಿಂತಿತು. ಕತ್ತು ವಾಲಿಸಿ ಕೇಳಿದಳು. ಬೀಪಿನ ಅಡಿಯಲ್ಲಿ ಹನಿಯ ಸದ್ದು ಮುಳುಗಿಹೋಗಿದೆ ಎಂದು ಅದೇ ಗಳಿಗೆಯಲ್ಲಿ ನನಗೂ ತಿಳಿಯಿತು. “ಸಾರ್, ಇದರ ಶಬ್ದ...” ಎಂದಳು. “ಅದು ನಿನ್ನ ಸಹಾಯಕ್ಕೇ ಮಗಳೇ, ಮುಂದುವರಿಸು” ಎಂದೆ. ನನ್ನ ಮಾತು ನಂಬಿ ಮುಂದುವರಿಸಿದಳು. ಮೂರು ಸಲ ಮಾಡಿದಳು, ಮೂರು ಬೇರೆ ಬೇರೆ ಅಳತೆ ಬಂತು. ಮೂರನೇ ಸಲವಂತೂ ಫ್ಲಾಸ್ಕಿನಲ್ಲಿ ದಾಸವಾಳದ ಬಣ್ಣ.

ಟೀಚರ್ ನನ್ನ ಪಕ್ಕದಲ್ಲೇ ನಿಂತಿದ್ದರು. ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಹೇಳಿದರು: “ಪೆಟ್ಟಿಗೆ ಮೊದಲಿನ ಹಾಗೆ ಇಲ್ಲ. ಅವರಿಗೆ ಹೇಳು.” ಆ ಕೋಣೆಯಲ್ಲಿ ಅವರನ್ನು ಬಿಟ್ಟರೆ ಕನ್ನಡ ಬರುತ್ತಿದ್ದದ್ದು ನನಗೊಬ್ಬನಿಗೆ. ನಾನು ಬಾಯಿ ಬಿಡಲಿಲ್ಲ. ಅವರೇ ಮಲಯಾಳದಲ್ಲಿ, ಯಂತ್ರದ ಶಬ್ದದಿಂದ ಮಗುವಿಗೆ ತೊಂದರೆಯಾಗಿದೆ, ಇನ್ನೊಂದು ಅವಕಾಶ ಕೊಡಿ ಎಂದರು. ಕೆಮಿಸ್ಟ್ರಿ ಅಧ್ಯಾಪಕರು ನ್ಯಾಯವಂತರೇ. ನನ್ನ ಕಡೆ ತಿರುಗಿ, “ಸಾರ್, ಯಂತ್ರದಲ್ಲಿ ಏನಾದರೂ ದೋಷವಿದೆಯಾ?” ಎಂದು ಕೇಳಿದರು. ನಮ್ಮ ಮುಖ್ಯಸ್ಥರೂ ನನ್ನನ್ನೇ ನೋಡುತ್ತಿದ್ದರು.

“ಇಲ್ಲ, ಯಂತ್ರ ಸರಿಯಾಗಿಯೇ ಕೆಲಸ ಮಾಡಿದೆ” ಎಂದೆ.

ಅಧ್ಯಾಪಕರು ಜಿನ್ಸಿಯ ಹೆಗಲು ತಟ್ಟಿ “ಪಾವಂ, ಕಷ್ಟಪಟ್ಟಿದ್ದಾಳೆ” ಎಂದರು. ಟೀಚರ್ ಅವತ್ತು ಅವರಿಗೂ ಏನೂ ಅನ್ನಲಿಲ್ಲ. ಫ್ಲಾಸ್ಕು ತೊಳೆದಿಟ್ಟು, ಜಿನ್ಸಿಯ ಕೈ ಹಿಡಿದುಕೊಂಡು ಹೊರಟುಹೋದರು.

ಒಂಬತ್ತು ದಿನದ ಮೇಲೆ, ನಮ್ಮ ಪರಿಶೀಲನೆ ಸುಸೂತ್ರವಾಗಿ ಮುಗಿದ ನಂತರ, ನಾನು ಪ್ರಿನ್ಸಿಪಾಲರಿಗೆ ಪತ್ರ ಬರೆದೆ. ತಪ್ಪು ಹುಡುಗಿಯದಲ್ಲ, ಯಂತ್ರದ್ದೂ ಅಲ್ಲ, ನನ್ನದು ಎಂದು ಎಲ್ಲವನ್ನೂ ಬಿಡಿಸಿ ಬರೆದೆ. ಸೀಟುಗಳು ತುಂಬಿಹೋಗಿವೆ ಎಂದು ಉತ್ತರ ಬಂತು. ಜಿನ್ಸಿ ಬೇರೊಂದು ಶಾಲೆಯಲ್ಲಿ ಆರ್ಟ್ಸ್‌ಗೆ ಸೇರಿದಳು. ನಾನು ಶನಿವಾರ ಕೊಚ್ಚಿಗೆ ಹೋಗುವುದನ್ನು ನಿಲ್ಲಿಸಿದೆ. ಯಾವ ಮುಖ ಇಟ್ಟುಕೊಂಡು ಹೋಗುವುದು?

ಮರುವರ್ಷ ಟೀಚರ್ ನಿವೃತ್ತರಾದರು. ಅವರೇ ಫೋನ್ ಮಾಡಿ, “ಬೀಳ್ಕೊಡುಗೆ ಅಂತೆ, ಭಾಷಣ ಅಂತೆ, ಮಂಡೆ ಬಿಸಿ. ನೀನು ಬಾ” ಎಂದರು. ಹೋದೆ. ಕಾರ್ಯಕ್ರಮ ಮುಗಿದು, ಖಾಲಿ ತರಗತಿಯಲ್ಲಿ ಅವರು ಕಪಾಟಿನಿಂದ ತಮ್ಮ ಗುಂಡುಪಿನ್ನುಗಳನ್ನು ಡಬ್ಬಿಗೆ ತುಂಬುತ್ತಿದ್ದಾಗ ಪತ್ರದ ವಿಷಯ ಎತ್ತಿದೆ.

“ಓದಿದೆ. ಪ್ರಿನ್ಸಿಪಾಲ್ ತೋರಿಸಿದ್ರು. ಲಾಯ್ಕ ಬರ್ದಿದ್ದೀ” ಎಂದರು. “ಜಿನ್ಸಿಗೆ ಹೇಳಿದ್ದೀಯಾ?”

“ಇಲ್ಲ.”

“ಎಂತಕ್ಕೆ?”

“ಧೈರ್ಯ ಬರಲಿಲ್ಲ ಟೀಚರ್. ನೀವೇ ಹೇಳಿಬಿಡಿ.”

“ನಾನು ಹೇಳ್ಲಿಕ್ಕಿಲ್ಲ. ಅವಳ ಕೈ ತಪ್ಪಿದ್ದಲ್ಲ ಅಂತ ನಾನು ನೂರು ಸಲ ಹೇಳಿದ್ರೂ ಅದು ಟೀಚರಿನ ಸಮಾಧಾನ ಆಗ್ತದೆ. ನಿನ್ನ ಬಾಯಿಂದ ಬಂದ್ರೆ ಮಾತ್ರ ಅದು ಸಾಕ್ಷಿ.” ಡಬ್ಬಿಯ ಮುಚ್ಚಳ ಹಾಕಿದರು. “ನನಗೆ ನಿನ್ನ ಮೇಲೆ ಸಿಟ್ಟು ಇಲ್ಲ ಅಂತ ತಿಳ್ಕೊಬೇಡ. ಉಂಟು, ತುಂಬ ಉಂಟು. ಆದ್ರೂ ನೀನು ಹೋಗಿ ಹೇಳುವವನೇ. ಅಷ್ಟು ನನಗೆ ಗೊತ್ತುಂಟು. ಬಾ, ಪಾಯಸ ತಣ್ಣಗಾಗ್ತದೆ.”

ಖಂಡಿತ ಹೇಳುತ್ತೇನೆ ಟೀಚರ್ ಎಂದೆ. ನಾನು ಅವರನ್ನು ಕಂಡದ್ದು ಅದೇ ಕೊನೆ. ಅವರು ಗಂಡನ ಜೊತೆ ಕಾಸರಗೋಡಿನ ಕಡೆಗೆ ಹೋಗಿ ನೆಲೆಸಿದರು. ನಾನು ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ತಳ್ಳಿದೆ. ಜಿನ್ಸಿ ಪದವಿ ಓದಲು ತಿರುವನಂತಪುರಕ್ಕೇ ಬಂದಿದ್ದಾಳೆ, ಅವಳ ಕಾಲೇಜು ನನ್ನ ಕಾಲೇಜಿನಿಂದ ನಾಲ್ಕು ಬಸ್ ಸ್ಟಾಪಿನಾಚೆ ಇದೆ ಎಂದು ಗೊತ್ತಾದ ಮೇಲೂ ತಳ್ಳಿದೆ. ಹೋದ ಮಳೆಗಾಲದಲ್ಲಿ ಟೀಚರ ಮಗಳ ಫೋನ್ ಬಂತು. ಜೀವನದಲ್ಲಿ ಮೊದಲ ಸಲ ಅವಳು ಕನ್ನಡದಲ್ಲಿ ಮಾತಾಡಿದಳು: “ಅಮ್ಮ ಹೋದ್ರು, ಅಂಕಲ್.” ಹದಿನೈದು ದಿನ ಆಸ್ಪತ್ರೆಯಲ್ಲಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. ಆಫೀಸಿನ ಬಾಗಿಲು ಹಾಕಿಕೊಂಡು ಅತ್ತೆ.

ಅದರ ಮರುದಿನ ಜಿನ್ಸಿಯ ಕಾಲೇಜಿಗೆ ಹೋದೆ. ಕ್ಯಾಂಟೀನಿನಲ್ಲಿ ಸಿಕ್ಕಳು. ಎತ್ತರವಾಗಿದ್ದಳು. ನನ್ನ ಧ್ವನಿ ಕೇಳಿದೊಡನೆ ಗುರುತು ಹಿಡಿದು “ಕೂತ್ಕೊಳ್ಳಿ ಸಾರ್” ಎಂದಳು. ಎಕನಾಮಿಕ್ಸ್ ಓದುತ್ತಿದ್ದೇನೆ, ಅದರಲ್ಲೂ ಗ್ರಾಫ್ ಇರುತ್ತದೆ, ದಾರ ಹಾಕಿಕೊಂಡು ಓದುತ್ತೇನೆ ಎಂದಳು. ಕೆಮಿಸ್ಟ್ರಿಯ ಮಾತು ಅವಳೂ ಎತ್ತಲಿಲ್ಲ. ಚಾಯ ಮುಂದೆ ಇಟ್ಟುಕೊಂಡು, ಪೀಠಿಕೆಯಿಲ್ಲದೆ ಹೇಳಿಬಿಟ್ಟೆ. ಅವತ್ತು ತಪ್ಪಿದ್ದು ನಿನ್ನ ಕೈ ಅಲ್ಲ. ಪೆಟ್ಟಿಗೆಯನ್ನು ಹಿಂದಿನ ದಿನ ನಾನು ಬದಲಿಸಿದ್ದೆ, ಅದು ನಿನ್ನನ್ನು ಕೆಡಿಸುತ್ತಿದೆ ಎಂದು ಗೊತ್ತಾದ ಮೇಲೂ ಸುಳ್ಳು ಹೇಳಿದೆ, ನಿನ್ನ ಸೀಟು ಹೋದದ್ದು ನನ್ನಿಂದ.

ಜಿನ್ಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದರ ಅಂಚು ಸವರಿದಳು.

“ಶಬ್ದ ಬದಲಾಗಿತ್ತು ಅಂತ ನನಗೆ ಅವತ್ತೇ ಗೊತ್ತು ಸಾರ್. ನೀವು ಯಾಕೆ ಹಾಗೆ ಹೇಳಿದ್ರಿ ಅಂತ ಟೀಚರನ್ನು ಕೇಳಿದೆ. ಅದನ್ನು ಅವನೇ ಬಂದು ನಿನಗೆ ಹೇಳ್ತಾನೆ, ನೀನಾಗಿ ಕೇಳಬೇಡ ಅಂದ್ರು. ಪ್ರತಿ ಭಾನುವಾರ ಫೋನ್ ಮಾಡ್ತಿದ್ರು. ಊಟ, ಹಾಸ್ಟೆಲ್ಲು, ಪಾಠ ಎಲ್ಲ ಕೇಳಿ, ಫೋನ್ ಇಡೋಕೆ ಮುಂಚೆ ಕೇಳೋರು, ಇಂಜಿನಿಯರ್ ಬಂದಿದ್ದನಾ ಅಂತ. ಇಲ್ಲ ಟೀಚರ್ ಅಂತಿದ್ದೆ. ಬರ್ತಾನೆ ಬಿಡು ಅನ್ನೋರು. ಆಸ್ಪತ್ರೆಯಿಂದ ಮಾಡಿದಾಗ ಮಾತಾಡೋಕೇ ಆಗ್ತಿರಲಿಲ್ಲ ಅವರಿಗೆ. ಆದರೂ ಅದನ್ನೇ ಕೇಳಿದ್ರು.” ಅವಳು ಲೋಟ ಕೆಳಗಿಟ್ಟಳು. “‘ಸಾರ್ ಬಂದಿದ್ರು ಟೀಚರ್, ಎಲ್ಲ ಹೇಳಿದ್ರು’ ಅಂದುಬಿಟ್ಟೆ ಸಾರ್. ತುಂಬ ಸಂತೋಷಪಟ್ಟರು.”